ಬೆಳಗಿನ ಸುದ್ದಿಗೆ ಹೊಣೆಗಾರರು ಬೇಕು

ಅಚ್ಚಾದ ದಿನಪತ್ರಿಕೆಯ ಯಾವುದಾದರೊಂದು ಪುಟದ ತಳದಲ್ಲಿ ಕಣ್ಣಿಗೆ ಬೀಳದಷ್ಟು ಸಣ್ಣ ಅಕ್ಷರದ ಸಾಲೊಂದಿರುತ್ತದೆ. ಮಾಲೀಕರು ಯಾರು, ಮುದ್ರಕರು ಮತ್ತು ಪ್ರಕಾಶಕರು ಯಾರು, ಎಲ್ಲಿ ಅಚ್ಚಾಯಿತು, ಸಂಪಾದಕರ ಹೆಸರೇನು ಎಂಬ ವಿವರ ಅದು. ಅದನ್ನು ಓದುವವರು ಕಡಿಮೆ. ಆದರೂ ಒಂದು ದಿನವೂ ತಪ್ಪದೆ ಅಚ್ಚಾಗುತ್ತ ಬಂದಿದೆ, ಏಕೆಂದರೆ 1867ರ ಪತ್ರಿಕೆ ಮತ್ತು ಪುಸ್ತಕಗಳ ನೋಂದಣಿ ಕಾಯ್ದೆ ಅದನ್ನು ಕಡ್ಡಾಯ ಮಾಡಿತ್ತು. ಬ್ರಿಟಿಷ್ ಸರ್ಕಾರಕ್ಕೆ ಪತ್ರಿಕೆಗಳ ಮೇಲೆ ಕಣ್ಣಿಡಲು ಆ ಸಾಲು ಬೇಕಿತ್ತು. ಓದುಗರಿಗೆ ಅದರಿಂದ ದಕ್ಕಿದ ಲಾಭ ಬೇರೆಯದೇ: ಸುದ್ದಿ ಸುಳ್ಳಾದರೆ ಯಾರನ್ನು ಕೇಳಬೇಕೆಂಬುದು ಆ ಪುಟದಲ್ಲೇ ಬರೆದಿರುತ್ತದೆ. ಈಗ ಆ ಹಳೆಯ ಕಾಯ್ದೆಯ ಜಾಗಕ್ಕೆ 2023ರ ಹೊಸ ಕಾಯ್ದೆ ಬಂದಿದೆ. 2024ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅದರ ವ್ಯಾಪ್ತಿಯೂ ಅಚ್ಚಾಗುವ ಪತ್ರಿಕೆಗಳಷ್ಟೇ.

ನಮ್ಮ ಬೆಳಗಿನ ಸುದ್ದಿಯಾದರೋ ಈಗ ಬಹುಮಟ್ಟಿಗೆ ಫೋನಿನಲ್ಲೇ ಬರುತ್ತದೆ. ರಾತ್ರಿಯಿಡೀ ಬಂದು ಬಿದ್ದಿರುವ ವಾಟ್ಸ್‌ಆ್ಯಪ್ ಫಾರ್ವರ್ಡುಗಳು, ಯೂಟ್ಯೂಬ್‌ನ ಕೆಂಪು ಹಳದಿ ಥಂಬ್‌ನೇಲುಗಳು, ಬ್ರೌಸರ್ ತೆರೆದರೆ ತಾನಾಗಿ ಮೂಡುವ ಸುದ್ದಿಪಟ್ಟಿ, ಪರದೆಯ ಮೇಲಿನಿಂದ ಇಳಿಯುವ ನೋಟಿಫಿಕೇಷನ್ನುಗಳು. ಇವುಗಳ ನಡುವೆ ಒಳ್ಳೆಯ ವರದಿಯೂ ಇರುತ್ತದೆ. ಆದರೆ ಅದನ್ನು ಬರೆದವರು ಸ್ಥಳಕ್ಕೆ ಹೋಗಿದ್ದರೇ, ತಪ್ಪಿದ್ದರೆ ತಿದ್ದುವವರು ಯಾರು ಎಂಬುದು ತಿಳಿಯುವುದಿಲ್ಲ. ಬೆಳಿಗ್ಗೆ ಓದುವುದಕ್ಕೆ ಯಾವ ಜಾಲತಾಣ ಒಳ್ಳೆಯದು ಎಂದು ಕೇಳುವ ಗೆಳೆಯರಿಗೆ ನಾನು ಹೇಳುವುದು ಇಷ್ಟು: ವೇಗ, ವಿನ್ಯಾಸ, ಉಚಿತವೋ ಅಲ್ಲವೋ ಎಂಬುದೆಲ್ಲ ಆಮೇಲಿನ ಮಾತು. ಬರೆದದ್ದಕ್ಕೆ ಹೊಣೆ ಹೊರುವವರ ಹೆಸರು ಅಲ್ಲಿದೆಯೇ ಎಂಬುದನ್ನು ಮೊದಲು ನೋಡಿ.

ಹೊಣೆಯಿಲ್ಲದ ಸುದ್ದಿ ಏನು ಮಾಡಬಲ್ಲದು ಎಂಬುದನ್ನು ಕರ್ನಾಟಕ ಕಣ್ಣಾರೆ ಕಂಡಿದೆ. 2012ರ ಆಗಸ್ಟ್‌ನಲ್ಲಿ ಈಶಾನ್ಯ ರಾಜ್ಯಗಳವರ ಮೇಲೆ ದಾಳಿ ನಡೆಯಲಿದೆ ಎಂಬ ಎಸ್‌ಎಂಎಸ್‌ಗಳು ಹರಿದಾಡಿ, ಸಾವಿರಾರು ಜನ ಗಂಟುಮೂಟೆ ಕಟ್ಟಿಕೊಂಡು ಬೆಂಗಳೂರಿನ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲುಗಳನ್ನು ಬಿಡಬೇಕಾಯಿತು. ಒಮ್ಮೆಗೆ ಹಲವರಿಗೆ ಎಸ್‌ಎಂಎಸ್ ಕಳಿಸುವುದಕ್ಕೆ ಕೇಂದ್ರ ಸರ್ಕಾರ ಕೆಲವು ದಿನ ಮಿತಿ ಹೇರಿತು. 2018ರ ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳ ಕಳ್ಳರು ಬಂದಿದ್ದಾರೆಂಬ ವದಂತಿ ನಂಬಿದ ಗುಂಪು ಅಮಾಯಕರನ್ನು ಹೊಡೆದು ಕೊಂದಿತು. ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ವಾಟ್ಸ್‌ಆ್ಯಪ್ ಭಾರತದಲ್ಲಿ ಮಿತಿ ಹಾಕುವುದಾಗಿ ಪ್ರಕಟಿಸಿದ್ದು ಅದೇ ಜುಲೈನಲ್ಲಿ. ಅಂಥ ಸಂದೇಶಗಳನ್ನು ಮುಂದೆ ತಳ್ಳುವವರಲ್ಲಿ ಹೆಚ್ಚಿನವರು ಕೇಡಿಗರಲ್ಲ. ತಮ್ಮ ಮನೆಯ ಮಕ್ಕಳು ಕ್ಷೇಮವಾಗಿರಲಿ ಎಂಬ ಕಳಕಳಿಯಿಂದಲೇ ಕಳಿಸುತ್ತಾರೆ. ಕಳಕಳಿ ಎಲ್ಲರಿಗೂ ಇತ್ತು, ಪೊಲೀಸ್ ಠಾಣೆಗೆ ಒಂದು ಫೋನ್ ಮಾಡಿ ವಿಚಾರಿಸುವ ಕೆಲಸ ಮಾತ್ರ ಯಾರದೂ ಆಗಿರಲಿಲ್ಲ. ಆ ಕೆಲಸ ಮಾಡುವುದಕ್ಕೇ ಪತ್ರಿಕೆ ಎಂಬ ಸಂಸ್ಥೆ ಇರುವುದು.

ಹಾಗಾದರೆ ಸರ್ಕಾರವೇ ಕಾನೂನು ತಂದು ಸುಳ್ಳುಸುದ್ದಿಯನ್ನು ತಡೆಯಲಿ ಎಂಬ ಮಾತು ಬರುತ್ತದೆ. ಅದು ನಡೆದಿದೆ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳು ಡಿಜಿಟಲ್ ಸುದ್ದಿ ಪ್ರಕಾಶಕರಿಗೆ ನೀತಿಸಂಹಿತೆಯನ್ನು ವಿಧಿಸಿದವು. ಆ ಭಾಗಕ್ಕೆ ಬಾಂಬೆ ಹೈಕೋರ್ಟ್ ಅದೇ ವರ್ಷ ತಡೆ ಕೊಟ್ಟಿತು. 2023ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕೇಂದ್ರ ಸರ್ಕಾರದ ಬಗೆಗಿನ ಸುದ್ದಿಯಲ್ಲಿ ಯಾವುದು ಸುಳ್ಳು ಎಂದು ಸರ್ಕಾರದ್ದೇ ಘಟಕವೊಂದು ತೀರ್ಮಾನಿಸುವ ನಿಯಮ ಬಂತು. 2024ರ ಸೆಪ್ಟೆಂಬರ್‌ನಲ್ಲಿ ಅದೇ ಹೈಕೋರ್ಟ್ ಅದನ್ನು ರದ್ದುಮಾಡಿತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ಯಾರ ಬಗ್ಗೆ ಸುದ್ದಿಯಿದೆಯೋ ಅವರೇ ಸುದ್ದಿಯ ಸತ್ಯಾಸತ್ಯ ನಿರ್ಧರಿಸುವಂತಾದರೆ ಪತ್ರಿಕೆ ಇದ್ದೂ ಪ್ರಯೋಜನವಿಲ್ಲ. ಪತ್ರಿಕಾ ಮಂಡಳಿಯ ಅಧಿಕಾರ ಅಚ್ಚಿನ ಪತ್ರಿಕೆಗಳಾಚೆ ಹೋಗುವುದಿಲ್ಲ. ಹೀಗಿರುವಾಗ ಅಂತರ್ಜಾಲದಲ್ಲಿ ಆಯ್ಕೆಯ ಭಾರ ಓದುಗರ ಮೇಲೆಯೇ ಬೀಳುತ್ತದೆ, ಮತ್ತು ಆ ಭಾರ ಹೊರಲು ನಮ್ಮಿಂದ ಸಾಧ್ಯವಿದೆ.

ನನ್ನ ಬೆಳಗಿನ ಓದು ಶುರುವಾಗುವುದು ಒಂದು ಕನ್ನಡ ದಿನಪತ್ರಿಕೆಯ ಇ-ಪತ್ರಿಕೆಯಿಂದ. ಪತ್ರಿಕೆಯ ಜಾಲತಾಣ ಬೇರೆ, ಇ-ಪತ್ರಿಕೆ ಬೇರೆ ಎಂಬುದನ್ನು ಒತ್ತಿ ಹೇಳಬೇಕು, ಏಕೆಂದರೆ ಹಲವರು ಎರಡೂ ಒಂದೇ ಎಂದುಕೊಂಡಿದ್ದಾರೆ. ಜಾಲತಾಣ ಕ್ಲಿಕ್ಕಿನ ಲೆಕ್ಕದಲ್ಲಿ ಬದುಕುತ್ತದೆ. ಯಾವ ನಟಿಯ ಮದುವೆ, ಯಾವ ರಾಶಿಗೆ ಯಾವ ಫಲ ಎಂಬುದು ಬಜೆಟ್ ಸುದ್ದಿಯ ಪಕ್ಕದಲ್ಲಿ, ಕೆಲವೊಮ್ಮೆ ಅದಕ್ಕಿಂತ ಮೇಲೆ, ಒಂದೇ ಅಳತೆಯ ಚೌಕದಲ್ಲಿ ಕುಳಿತಿರುತ್ತದೆ. ಇ-ಪತ್ರಿಕೆ ಹಾಗಲ್ಲ. ಅದು ಹಿಂದಿನ ರಾತ್ರಿ ಸಂಪಾದಕೀಯ ವಿಭಾಗದವರು ಕುಳಿತು ಕಟ್ಟಿದ ಪುಟಗಳ ಯಥಾಪ್ರತಿ. ಯಾವ ಸುದ್ದಿಗೆ ಎಷ್ಟು ಕಾಲಂ, ಯಾವುದು ಮುಖಪುಟಕ್ಕೆ, ಯಾವುದು ಒಳಪುಟದ ಮೂಲೆಗೆ ಎಂದು ಬಲ್ಲವರು ತೂಗಿ ನೋಡಿರುತ್ತಾರೆ. ಅವರ ತೂಕ ನನಗೆ ಒಪ್ಪಿಗೆಯಾಗಬೇಕೆಂದೇನಿಲ್ಲ, ಆದರೆ ತೂಗಿದವರು ಇದ್ದಾರೆ. ಇನ್ನೊಂದು, ಅದಕ್ಕೆ ಕೊನೆಯ ಪುಟ ಎಂಬುದಿದೆ. ಫೋನಿನ ಸುದ್ದಿಪಟ್ಟಿಯನ್ನು ಎಷ್ಟು ತಳ್ಳಿದರೂ ಮುಗಿಯುವುದಿಲ್ಲ. ಇ-ಪತ್ರಿಕೆ ಮುಗಿಯುತ್ತದೆ, ನಾವು ಎದ್ದು ಸ್ನಾನಕ್ಕೆ ಹೋಗಬಹುದು.

ಕನ್ನಡಿಗರಿಗೆ ಈ ವಿಷಯದಲ್ಲಿ ಕೊರತೆಯಿಲ್ಲ. ಇಡೀ ರಾಜ್ಯದ ನೋಟಕ್ಕೆ 1948ರಲ್ಲಿ ಶುರುವಾದ ಪ್ರಜಾವಾಣಿ ಇದೆ; ನನ್ನ ಮೊದಲ ಆಯ್ಕೆ ಅದೇ. ಕರಾವಳಿಯವರಿಗೆ 1970ರಿಂದ ಮಣಿಪಾಲದ ಉದಯವಾಣಿ, ಉತ್ತರ ಕರ್ನಾಟಕದವರಿಗೆ ಹುಬ್ಬಳ್ಳಿಯ ಸಂಯುಕ್ತ ಕರ್ನಾಟಕ, ಮೈಸೂರು ಸೀಮೆಯವರಿಗೆ ಆಂದೋಲನ. ದುಬೈ, ಕುವೈತ್‌ಗಳಲ್ಲಿ ದುಡಿಯುವ ಮಂಗಳೂರಿನವರು ಎಷ್ಟೋ ವರ್ಷಗಳಿಂದ ಬೆಳಗಾದರೆ ದಾಯ್ಜಿವರ್ಲ್ಡ್ ಜಾಲತಾಣ ತೆರೆದು ಊರಿನ ಸಾವು ನೋವು, ಮದುವೆ, ಮಳೆ ನೋಡುತ್ತ ಬಂದಿದ್ದಾರೆ. ಯಾವ ಪತ್ರಿಕೆಯಾದರೂ ಸರಿ, ಜಿಲ್ಲಾ ಪುಟವನ್ನು ಬಿಡಬಾರದು. ನಾಳೆ ಯಾವ ಬಡಾವಣೆಗೆ ಕರೆಂಟ್ ಇಲ್ಲ, ತಾಲ್ಲೂಕು ಆಸ್ಪತ್ರೆಗೆ ವೈದ್ಯರು ಬಂದರೇ, ಕೆರೆ ಒತ್ತುವರಿ ಪ್ರಕರಣ ಎಲ್ಲಿಗೆ ಬಂತು ಎಂಬುದು ಅಲ್ಲಿ ಮಾತ್ರ ಇರುತ್ತದೆ. ದೆಹಲಿಯ ರಾಜಕೀಯದ ಬಗ್ಗೆ ಗಂಟೆಗಟ್ಟಲೆ ವಾದ ಮಾಡಬಲ್ಲ ನಮ್ಮಲ್ಲಿ ಎಷ್ಟೋ ಜನರಿಗೆ ತಮ್ಮ ಗ್ರಾಮ ಪಂಚಾಯಿತಿಯ ಪಿಡಿಒ ಹೆಸರು ಗೊತ್ತಿಲ್ಲ. ನಮ್ಮ ಮಾತಿಗೆ ಬೆಲೆಯಿರುವ, ಹೋಗಿ ಕೇಳಿದರೆ ಉತ್ತರ ಸಿಗಬಹುದಾದ ಕಚೇರಿಯ ಸುದ್ದಿಯೇ ನಮ್ಮ ಕಣ್ಣಿನಿಂದ ತಪ್ಪಿಹೋಗುತ್ತಿದೆ.

1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ಮಂಗಳೂರ ಸಮಾಚಾರ ಹದಿನೈದು ದಿನಕ್ಕೊಮ್ಮೆ ಕಲ್ಲಚ್ಚಿನಲ್ಲಿ ಬರುತ್ತಿದ್ದ ಪುಟ್ಟ ಪತ್ರಿಕೆ. ಕನ್ನಡದ ಆ ಮೊದಲ ಪತ್ರಿಕೆಯಲ್ಲೇ ಊರಿನ ವರ್ತಮಾನಕ್ಕೂ ಸರ್ಕಾರದ ನಿರೂಪಗಳಿಗೂ ಜಾಗವಿತ್ತು. ಊರಿನ ಸುದ್ದಿ, ಆಳುವವರ ಆದೇಶ: ಓದುಗರಿಗೆ ದಿನವೂ ಬೇಕಾದವು ಇವೆರಡೇ ಎಂದು ಆಗಲೇ ಬಲ್ಲವರಿದ್ದರು. ಮೊದಲನೆಯದು ಜಿಲ್ಲಾ ಪುಟದಲ್ಲಿ ಸಿಗುತ್ತದೆ. ಎರಡನೆಯದನ್ನು ಈಗ ನಾವೇ ಮೂಲದಲ್ಲಿ ಹೋಗಿ ಓದಬಹುದು. ಅಂತರ್ಜಾಲ ನಮಗೆ ಕೊಟ್ಟಿರುವ ಅತಿ ದೊಡ್ಡ ಸೌಲಭ್ಯ ಅದು. ನಾವು ಬಳಸುವುದು ಅದನ್ನೇ ಅತಿ ಕಡಿಮೆ.

2024ರ ಆಗಸ್ಟ್ 10ರ ರಾತ್ರಿಯನ್ನು ನೆನಪಿಸಿಕೊಳ್ಳಿ. ಹೊಸಪೇಟೆ ಬಳಿಯ ತುಂಗಭದ್ರಾ ಅಣೆಕಟ್ಟೆಯ 33 ಕ್ರೆಸ್ಟ್ ಗೇಟುಗಳಲ್ಲಿ 19ನೆಯದು ಚೈನ್ ತುಂಡಾಗಿ ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು, ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ಎತ್ತಿ ಹೊಳೆಗೆ ನೀರು ಬಿಡಬೇಕಾಯಿತು. ಮರುದಿನ ಬೆಳಿಗ್ಗೆ ಕಂಪ್ಲಿ, ಗಂಗಾವತಿ, ಸಿರುಗುಪ್ಪ ಕಡೆಯ ಮನೆಗಳಿಗೆ ಬೇಕಾಗಿದ್ದ ಸುದ್ದಿ ಎರಡು. ಎಷ್ಟು ಕ್ಯುಸೆಕ್ ನೀರು ಹೊಳೆಗೆ ಬರುತ್ತಿದೆ? ನಾಟಿ ಮಾಡಿದ ಭತ್ತಕ್ಕೆ ಕಾಲುವೆಯಲ್ಲಿ ನೀರು ಉಳಿಯುತ್ತದೆಯೇ? ಎರಡಕ್ಕೂ ಉತ್ತರ ಸಂಖ್ಯೆಯಲ್ಲಿದೆ: ಒಳಹರಿವು, ಹೊರಹರಿವು, ಇಂದಿನ ಮಟ್ಟ, ಸಂಗ್ರಹದ ಟಿಎಂಸಿ. ಅಣೆಕಟ್ಟೆಯೇ ಒಡೆಯಿತು ಎಂಬಂಥ ಒಂದು ಉದ್ಗಾರಕ್ಕಿಂತ ಈ ನಾಲ್ಕು ಸಂಖ್ಯೆಗಳು ಹೊಳೆದಂಡೆಯ ಮನೆಗೆ ಸಾವಿರ ಪಾಲು ಉಪಯುಕ್ತ. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟ್ ಇಳಿಸಿ ತಂತ್ರಜ್ಞರು ಸುಮಾರು ಒಂದು ವಾರದಲ್ಲಿ ನೀರು ನಿಲ್ಲಿಸಿದರು. ಆ ವಾರವಿಡೀ ಜಲಾಶಯದ ಮಟ್ಟವನ್ನು ದಿನದಿನ ನೋಡುತ್ತಿದ್ದ ರೈತನಿಗೆ ಗಾಬರಿಯೂ ಹದದಲ್ಲಿರುತ್ತಿತ್ತು, ಭರವಸೆಯೂ ಹದದಲ್ಲಿರುತ್ತಿತ್ತು.

ರಾಜ್ಯದ ಜಲಾಶಯಗಳ ಮಟ್ಟವನ್ನು, ಹೋಬಳಿ ಮತ್ತು ಗ್ರಾಮ ಪಂಚಾಯಿತಿ ಮಟ್ಟದ ಮಳೆ ಅಳತೆಯನ್ನು ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಪ್ರಕಟಿಸುತ್ತದೆ. 1988ರಲ್ಲಿ ಬರ ಪರಿಸ್ಥಿತಿಯ ಮೇಲೆ ನಿಗಾ ಇಡಲು ಹುಟ್ಟಿದ ಸಂಸ್ಥೆ ಅದು. ವರುಣಮಿತ್ರ ಎಂಬ ಸಹಾಯವಾಣಿಯನ್ನೂ ನಡೆಸುತ್ತದೆ. ಕೆಆರ್‌ಎಸ್ ಪೂರ್ಣ ಮಟ್ಟ 124.80 ಅಡಿ ಎಂಬುದು ಮಂಡ್ಯದ ಮಕ್ಕಳಿಗೂ ಗೊತ್ತು, ಇಂದಿನ ಮಟ್ಟ ಎಷ್ಟು ಎಂಬುದನ್ನು ಬೆಳಗಿನ ಕಾಫಿ ಆರುವುದರೊಳಗೆ ನೋಡಬಹುದು. ಹಾಗೆಯೇ ಮಾರುಕಟ್ಟೆ ಧಾರಣೆ. ಕೃಷಿ ಮಾರಾಟ ಇಲಾಖೆಯ ಕೃಷಿ ಮಾರಾಟ ವಾಹಿನಿ ತಾಣದಲ್ಲಿ ಎಪಿಎಂಸಿವಾರು ಕನಿಷ್ಠ, ಗರಿಷ್ಠ ಮತ್ತು ಮಾದರಿ ಬೆಲೆ ಸಿಗುತ್ತದೆ. ಈ ಮೂರರ ವ್ಯತ್ಯಾಸ ತಿಳಿದವರು ಶೀರ್ಷಿಕೆಗೆ ಮೋಸಹೋಗುವುದಿಲ್ಲ. ಅಡಿಕೆ ಬೆಲೆ ದಾಖಲೆ ಮಟ್ಟಕ್ಕೆ ಏರಿತು ಎಂದು ಥಂಬ್‌ನೇಲ್ ಕೂಗುವುದು ಸಾಮಾನ್ಯವಾಗಿ ಗರಿಷ್ಠ ಬೆಲೆಯನ್ನು ಹಿಡಿದುಕೊಂಡು. ಅದು ಒಬ್ಬರ ಒಂದು ಲಾಟಿಗೆ ಸಿಕ್ಕ ಬೆಲೆಯೂ ಆಗಿರಬಹುದು. ಅಂದು ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತು ಎಂಬುದನ್ನು ಹೇಳುವುದು ಮಾದರಿ ಬೆಲೆ. ರಾಶಿಯ ದರ ಬೇರೆ, ಬೆಟ್ಟೆಯದು ಬೇರೆ, ಚಾಲಿಯದು ಬೇರೆ. ಇದನ್ನೆಲ್ಲ ಒಂದೇ ಉದ್ಗಾರದಲ್ಲಿ ಕಲಸಿದ ವಿಡಿಯೊ ನಂಬಿ ಮಾಲು ತಡೆಹಿಡಿದ ಬೆಳೆಗಾರನ ನಷ್ಟಕ್ಕೆ ಆ ವಿಡಿಯೊ ಮಾಡಿದವರು ಬರುವುದಿಲ್ಲ.

ಕೇಂದ್ರದ ನಿರ್ಧಾರಗಳಿಗೆ ಪತ್ರಿಕಾ ಮಾಹಿತಿ ಕಾರ್ಯಾಲಯದ, ಅಂದರೆ ಪಿಐಬಿಯ, ಪ್ರಕಟಣೆಗಳಿವೆ, ಕನ್ನಡದಲ್ಲೂ ಬರುತ್ತವೆ. ಅವನ್ನು ಸರ್ಕಾರದ ಹೇಳಿಕೆ ಎಂದೇ ಓದಬೇಕು, ಸುದ್ದಿ ಎಂದಲ್ಲ. ಯೋಜನೆ ಘೋಷಣೆಯಾಯಿತೇ, ಮಂಜೂರಾಯಿತೇ, ಹಣ ಬಿಡುಗಡೆಯಾಯಿತೇ ಎಂಬ ಮೂರು ಹಂತಗಳನ್ನು ಪ್ರಕಟಣೆಯಲ್ಲಿ ಹುಡುಕುವ ಅಭ್ಯಾಸ ಮಾಡಿಕೊಂಡರೆ, ಮುಖಪುಟದ ಅರ್ಧ ಸಂಭ್ರಮ ತಾನೇ ಇಳಿಯುತ್ತದೆ.

ಮೂರನೆಯದು ದಿನಪತ್ರಿಕೆಗಳು ಮುಟ್ಟದ, ಅಥವಾ ಮುಟ್ಟಲು ಹಿಂಜರಿಯುವ ಸುದ್ದಿ. ಬಿಬಿಸಿಯ ಸುದ್ದಿಸೇವೆ ತಮಿಳು, ತೆಲುಗು, ಮರಾಠಿಗಳಲ್ಲಿ ಇದೆ, ಕನ್ನಡದಲ್ಲಿ ಇಲ್ಲ. ಹೊರಗಿನ ದೊಡ್ಡ ಸಂಸ್ಥೆ ಬಂದು ನಮ್ಮ ಭಾಷೆಯಲ್ಲಿ ಆ ಕೆಲಸ ಮಾಡಿಕೊಡಲಿ ಎಂದು ಕಾಯದೆ ಇಲ್ಲಿಯವರೇ ಕೆಲವರು ಮಾಡಿದ್ದಾರೆ. ದಿ ಫೈಲ್ ಎಂಬ ತಾಣ ಕಡತಗಳನ್ನು ಮುಂದಿಟ್ಟು ಸರ್ಕಾರದ ಇಲಾಖೆಗಳ ಕಥೆ ಬರೆಯುತ್ತದೆ. ಈ ದಿನ ತಾಣ 2023ರ ವಿಧಾನಸಭಾ ಚುನಾವಣೆಗೆ ಮುನ್ನ ಸಮೀಕ್ಷೆ ನಡೆಸಿ, ಕಾಂಗ್ರೆಸ್‌ಗೆ 132ರಿಂದ 140 ಸ್ಥಾನ ಎಂದಿತ್ತು, ಬಂದದ್ದು 135. ಆ ಸಂಸ್ಥೆಯ ಒಲವು ಯಾವ ಕಡೆಗಿದೆ ಎಂಬುದು ಓದುವವರಿಗೆ ಗೊತ್ತು, ಆದರೂ ಜನರ ನಡುವೆ ಹೋಗಿ ಕೇಳಿದ ಕೆಲಸಕ್ಕೆ ಫಲಿತಾಂಶವೇ ಸಾಕ್ಷಿ ನುಡಿಯಿತು. ಪಿ. ಸಾಯಿನಾಥ್ 2014ರಲ್ಲಿ ಆರಂಭಿಸಿದ ಪರಿ ಎಂಬ ತಾಣ ಗ್ರಾಮೀಣ ಭಾರತದ ದುಡಿಮೆಗಾರರ ಬದುಕನ್ನು ಕನ್ನಡದಲ್ಲೂ ಓದಿಸುತ್ತದೆ. ಇದು ದಿನವೂ ಓದುವ ಬಗೆಯ ಬರಹವಲ್ಲ. ವಾರಕ್ಕೊಮ್ಮೆ, ಭಾನುವಾರದ ಬೆಳಗನ್ನು ಅದಕ್ಕೆ ಮೀಸಲಿಡುವುದು ಒಳ್ಳೆಯದು.

ಇಂಗ್ಲಿಷ್ ಬಲ್ಲವರು ದಿ ಹಿಂದೂ, ಡೆಕ್ಕನ್ ಹೆರಾಲ್ಡ್ ಓದುತ್ತಾರೆ, ಓದಲಿ. ದಿ ಹಿಂದೂ 2006ರಲ್ಲಿ ಓದುಗರ ಸಂಪಾದಕ ಎಂಬ ಹುದ್ದೆಯನ್ನು ತಂದಿತು. ಪತ್ರಿಕೆಯ ತಪ್ಪುಗಳ ಬಗ್ಗೆ ಓದುಗರ ದೂರು ಕೇಳಿ, ತಿದ್ದುಪಡಿಗಳನ್ನು ಅಚ್ಚುಹಾಕಿಸುವುದು ಆ ಹುದ್ದೆಯವರ ಕೆಲಸ. ಇಂಥ ತಿದ್ದುಪಡಿ ಅಂಕಣ ನಮ್ಮ ಕನ್ನಡ ಪತ್ರಿಕೆಗಳಲ್ಲಿ ದಿನನಿತ್ಯದ ರೂಢಿಯಾಗಿಲ್ಲ ಎಂಬುದು ನನಗೆ ನಿಜಕ್ಕೂ ನೋವಿನ ಸಂಗತಿ. ತಪ್ಪು ಒಪ್ಪಿಕೊಂಡರೆ ಮರ್ಯಾದೆ ಹೋಗುತ್ತದೆ ಎಂಬ ಭಯ ಅದರ ಹಿಂದಿರಬಹುದು. ಓದುಗರ ಅನುಭವ ಅದಕ್ಕೆ ವಿರುದ್ಧವಾಗಿದೆ: ನಿನ್ನೆ ಬರೆದ ಹೆಸರು ತಪ್ಪು, ಸರಿಯಾದದ್ದು ಇದು ಎಂದು ಹೇಳುವ ಪತ್ರಿಕೆಯ ಮಿಕ್ಕ ಸುದ್ದಿಯ ಮೇಲೆ ನಂಬಿಕೆ ಹೆಚ್ಚುತ್ತದೆ. ಜಾಲತಾಣಗಳಲ್ಲಂತೂ ತಪ್ಪು ಸುದ್ದಿಯನ್ನು ಸದ್ದಿಲ್ಲದೆ ಅಳಿಸಿಬಿಡುವುದು ಅಭ್ಯಾಸವಾಗಿದೆ. ಬೆಳಿಗ್ಗೆ ಓದಿದವನ ತಲೆಯಲ್ಲಿ ಅದು ನಿಜವಾಗಿಯೇ ಉಳಿಯುತ್ತದೆ.

ಈ ವಾದಕ್ಕೆ ಬರುವ ಬಲವಾದ ಆಕ್ಷೇಪ ಒಂದಿದೆ. ಎಲ್ಲ ಪತ್ರಿಕೆಗಳಿಗೂ ಮಾಲೀಕರಿದ್ದಾರೆ, ಮಾಲೀಕರಿಗೆ ವ್ಯಾಪಾರವಿದೆ, ಪಕ್ಷವಿದೆ. ಹೆಸರು ಅಚ್ಚಾದ ಮಾತ್ರಕ್ಕೆ ಸುದ್ದಿ ಶುದ್ಧವಾಗುತ್ತದೆಯೇ? ಆಗುವುದಿಲ್ಲ. ಸರ್ಕಾರಿ ಜಾಹೀರಾತಿನ ಆಸೆಗೆ ಸುದ್ದಿ ಮೆತ್ತಗಾಗುವುದನ್ನೂ, ಚುನಾವಣೆಯ ಹೊತ್ತಿನಲ್ಲಿ ಕಾಸಿಗಾಗಿ ಸುದ್ದಿ ಎಂಬ ಪಿಡುಗನ್ನೂ ನಾವು ಕಂಡಿದ್ದೇವೆ. ಆದರೆ ಹೆಸರಿರುವ ಕಡೆ ಒಲವನ್ನು ಲೆಕ್ಕ ಹಾಕಬಹುದು. ಇಂಥ ಪತ್ರಿಕೆ ಇಂಥವರದು ಎಂದು ತಿಳಿದರೆ, ಅದರಲ್ಲಿ ಬಂದ ಹೊಗಳಿಕೆಯನ್ನು ಎಷ್ಟು ಕಳೆದು ಓದಬೇಕು ಎಂಬುದೂ ತಿಳಿಯುತ್ತದೆ. ಭಿನ್ನ ಒಲವಿನ ಎರಡು ಪತ್ರಿಕೆಗಳಲ್ಲಿ ಒಂದೇ ಘಟನೆಯನ್ನು ಓದಿ ನೋಡಿ: ಎರಡರಲ್ಲೂ ಇರುವ ಅಂಶ ಬಹುಮಟ್ಟಿಗೆ ನಡೆದದ್ದು, ಒಂದರಲ್ಲಿ ಮಾತ್ರ ಇರುವ ವಿಶೇಷಣ ಬಹುಮಟ್ಟಿಗೆ ಆ ಪತ್ರಿಕೆಯದು. ಫೋನ್ ತಾನೇ ಆರಿಸಿ ಕೊಡುವ ಸುದ್ದಿಪಟ್ಟಿಯಲ್ಲಿ ಈ ಲೆಕ್ಕಕ್ಕೆ ದಾರಿಯೇ ಇಲ್ಲ. ಅಲ್ಲಿನ ಒಲವು ನನ್ನದೇ ಹಳೆಯ ಕ್ಲಿಕ್ಕುಗಳಿಂದ ಹುಟ್ಟಿದ್ದು, ಹಾಗಾಗಿ ಅದು ಒಲವು ಎಂದು ನನಗೆ ಅನಿಸುವುದೂ ಇಲ್ಲ.

ಓದುಗರೇ ತಮ್ಮ ಪಟ್ಟಿ ಕಟ್ಟಿಕೊಳ್ಳುವ ಅನುಕೂಲ ಹಿಂದೆ ಸುಲಭವಾಗಿ ಸಿಗುತ್ತಿತ್ತು. ಆರ್‌ಎಸ್‌ಎಸ್ ಫೀಡ್ ಎಂಬ ಸರಳ ತಂತ್ರದಿಂದ ನಮಗೆ ಬೇಕಾದ ತಾಣಗಳ ಹೊಸ ಬರಹಗಳನ್ನು ಒಂದೇ ಕಡೆ, ಬಂದ ಕ್ರಮದಲ್ಲೇ ಓದಬಹುದಿತ್ತು. ಅದಕ್ಕೆ ಹೆಸರಾಗಿದ್ದ ಗೂಗಲ್ ರೀಡರ್ ಮುಚ್ಚಿದ್ದು 2013ರ ಜುಲೈ 1ರಂದು, ನಮ್ಮಲ್ಲಿ ಪತ್ರಿಕಾ ದಿನ ಆಚರಿಸುವ ದಿನವೇ. ಆ ತಂತ್ರ ಸತ್ತಿಲ್ಲ; ಫೀಡ್ಲಿಯಂಥ ಆ್ಯಪ್‌ಗಳಲ್ಲಿ ಈಗಲೂ ಕೆಲಸ ಮಾಡುತ್ತದೆ. ಸುದ್ದಿಗಳನ್ನು ಒಟ್ಟುಗೂಡಿಸುವ ಆ್ಯಪ್‌ಗಳ ಉಪಕಾರವನ್ನು ನಾನು ಅಲ್ಲಗಳೆಯುವುದಿಲ್ಲ. 2009ರಲ್ಲಿ ಬಂದ ನ್ಯೂಸ್‌ಹಂಟ್, ಅಂದರೆ ಇಂದಿನ ಡೈಲಿಹಂಟ್, ಫೋನುಗಳಲ್ಲಿ ಕನ್ನಡ ಅಕ್ಷರ ಸರಿಯಾಗಿ ಮೂಡದಿದ್ದ ಕಾಲದಲ್ಲಿ ಕನ್ನಡ ಪತ್ರಿಕೆಗಳನ್ನು ಅಂಗೈಗೆ ತಂದಿತು. ಒಂದೊಂದು ಪತ್ರಿಕೆಯ ತಾಣಕ್ಕೂ ಒಂದೊಂದು ಫಾಂಟ್ ಬೇಕಿದ್ದ ದಿನಗಳನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಈಗ ಯೂನಿಕೋಡ್ ಇರುವಾಗ ಆ ಮಧ್ಯವರ್ತಿಯ ಅಗತ್ಯ ಕಡಿಮೆಯಾಗಿದೆ. ನೇರವಾಗಿ ಪತ್ರಿಕೆಯ ಬಳಿಗೇ ಹೋಗಬಹುದು.

ಉಳಿದದ್ದು ಹಣದ ಮಾತು. ಇ-ಪತ್ರಿಕೆಯ ಪಿಡಿಎಫ್ ಬೆಳಗಾಗುವುದರೊಳಗೆ ಗುಂಪುಗಳಲ್ಲಿ ಬಂದು ಬೀಳುತ್ತದೆ, ಅದನ್ನು ಹಂಚುವುದು ಸಮಾಜಸೇವೆ ಎಂದು ಬಹಳ ಜನ ಭಾವಿಸಿದ್ದಾರೆ. 2020ರಲ್ಲಿ ದೈನಿಕ್ ಜಾಗರಣ್ ಸಂಸ್ಥೆ ಈ ಬಗ್ಗೆ ದೆಹಲಿ ಹೈಕೋರ್ಟಿಗೆ ಹೋದಾಗ, ಇ-ಪತ್ರಿಕೆ ಹಂಚುತ್ತಿದ್ದ ಚಾನೆಲ್‌ಗಳನ್ನು ತೆಗೆದುಹಾಕುವಂತೆ ಟೆಲಿಗ್ರಾಂಗೆ ಕೋರ್ಟ್ ಆದೇಶಿಸಿತು. ಕಾನೂನು ಒತ್ತಟ್ಟಿಗಿರಲಿ, ಈ ಪುಕ್ಕಟೆ ಪ್ರತಿಯ ಬೆಲೆಯನ್ನು ಕೊನೆಗೆ ತೆರುವವರು ತಾಲ್ಲೂಕು ಕೇಂದ್ರದ ಅರೆಕಾಲಿಕ ವರದಿಗಾರರು. ಸಣ್ಣ ಸಂಭಾವನೆಗೆ ದುಡಿಯುತ್ತ, ಎಷ್ಟೋ ಕಡೆ ಜಾಹೀರಾತು ಕೂಡಿಸುವ ಹೊರೆಯನ್ನೂ ಹೊತ್ತಿರುವವರು ಅವರು. ಜಾಹೀರಾತು ಕೊಡುವ ಮುಖಂಡನ ವಿರುದ್ಧ ಸುದ್ದಿ ಬರೆಯಲು ಅವರಿಗೆ ಧೈರ್ಯ ಎಲ್ಲಿಂದ ಬರಬೇಕು? ಓದುಗರು ಕೊಡುವ ಚಂದಾ ಹಣ ಎಲ್ಲವನ್ನೂ ಸರಿಮಾಡದು, ಆದರೆ ಪತ್ರಿಕೆ ಯಾರ ಋಣದಲ್ಲಿದೆ ಎಂಬುದನ್ನು ಅದು ಸ್ವಲ್ಪ ಮಟ್ಟಿಗೆ ಬದಲಿಸುತ್ತದೆ.

ಆದ್ದರಿಂದ ಈ ತಿಂಗಳು ನೀವು ನಂಬುವ ಯಾವುದಾದರೂ ಒಂದು ಕನ್ನಡ ಪತ್ರಿಕೆಗೆ ಅಥವಾ ಸ್ವತಂತ್ರ ತಾಣಕ್ಕೆ ಹಣ ಕೊಟ್ಟು ಚಂದಾದಾರರಾಗಿ. ಅದರ ಜಿಲ್ಲಾ ಪುಟವನ್ನು ದಿನವೂ ಓದಿ. ತಪ್ಪು ಕಂಡ ದಿನ ಸಂಪಾದಕರಿಗೆ ಎರಡು ಸಾಲು ಬರೆದು, ತಿದ್ದುಪಡಿಯನ್ನು ಮರುದಿನದ ಪತ್ರಿಕೆಯಲ್ಲೇ ಅಚ್ಚುಹಾಕಿ ಎಂದು ಕೇಳಿ.